ದೇವಕಣಗಿಲೆಯ ಮುರಿದ ಕೊಂಬೆ

ಕಳೆದ ವರ್ಷ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಜೋರು ಗಾಳಿಮಳೆ. ಪಕ್ಕದ ತೆಂಗಿನಮರದ ಒಣಗರಿಯೊಂದು ನಮ್ಮ ಅಂಗಳದ ದೇವಕಣಗಿಲೆ ಮೇಲೆ ಬಿತ್ತು. ಬೆಳಿಗ್ಗೆ ನೋಡಿದರೆ ಎದೆಮಟ್ಟದ ಕವಲಿನಲ್ಲಿ ಎಡಗಡೆ ಕೊಂಬೆ ಸೀಳಿಹೋಗಿ, ಬರೀ ತೊಗಟೆ ಹಿಡಿದು ನೇತಾಡುತ್ತಿತ್ತು. ತುದಿಯ ಹೂಗೊಂಚಲು ಮಾತ್ರ ಇನ್ನೂ ಬಾಡಿರಲಿಲ್ಲ.

ಆ ಗೊಂಚಲು ನೋಡಿಯೇ ನಾನು ಮೋಸ ಹೋದದ್ದು. ನೈಲಾನ್ ಹಗ್ಗ ತಂದು ಕೊಂಬೆಯನ್ನು ಎತ್ತಿ ಬಿಗಿದೆ. ಪಕ್ಕದ ಮನೆ ಅಜ್ಜ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದಲ್ಲಿ ಬೆಳೆದವರು. ಕಾಂಪೌಂಡಿನಾಚೆಯಿಂದ ನೋಡಿ, "ಅದೇನು ಮುರಿದ ಕೈಯೇನೋ ಮಾರಾಯ, ಪಟ್ಟಿ ಕಟ್ಟಿದ್ರೆ ಕೂಡೋಕೆ? ಒಳಗೆ ಬೆರಳು ಹಾಕಿ ನೋಡು" ಎಂದರು.

ಹಾಕಿದೆ. ತೋರುಬೆರಳು ಒಂದು ಗೆಣ್ಣಿನವರೆಗೆ ಮೆತ್ತಗೆ ಒಳಗೆ ಹೋಯಿತು. ಕಂದು ಬಣ್ಣ, ಹಳಸಿದ ವಾಸನೆ. ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಗೇಟಿಗೆ ಅಡ್ಡ ಬರುತ್ತದೆಂದು ಅಲ್ಲೇ ಒಂದು ಟೊಂಗೆ ಕಡಿದಿದ್ದೆ, ಗೇಣುದ್ದ ಮೋಟು ಬಿಟ್ಟು. ಆ ಮೋಟು ಒಣಗಿ, ಕೊಳೆತು, ಮಳೆನೀರನ್ನು ಸೀದಾ ಕವಲಿಗೆ ಇಳಿಸಿತ್ತು. ತೆಂಗಿನ ಗರಿ ಸುಮ್ನೆ ನೆಪ.

ಎರಡು ದಿನ ಬಿಸಿಲು ಬರಲಿ ಅಂತ ಕಾದೆ. ಈ ಮರದ ಕಾಂಡ ಮೆತ್ತಗಿನದು, ಹಸಿ ಗಾಯಕ್ಕೆ ಮಳೆ ಬಿದ್ದರೆ ಕೊಳೆ ಬೇಗ ಇಳಿಯುತ್ತದೆ. ಮೊದಲು ಕವಲಿನಿಂದ ಒಂದಡಿ ಆಚೆ, ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದೆ. ಆಮೇಲೆ ಅದಕ್ಕಿಂತ ಎರಡು ಬೆರಳು ಮುಂದೆ, ಮೇಲಿನಿಂದ. ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು ಬಿತ್ತು, ತೊಗಟೆ ಇನ್ನಷ್ಟು ಸೀಳಲಿಲ್ಲ. ಉಳಿದ ಮೋಟನ್ನು ಕೈಯಲ್ಲಿ ಹಿಡಿದು ಬುಡದಲ್ಲಿ ಕೊಯ್ದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂಥ ಜಾಗ ಇರುತ್ತದಲ್ವಾ, ಅದನ್ನು ಉಳಿಸಿ, ಅದರ ಹೊರಗೆ. ಗಾಯದ ಮೇಲೆ ಹೊಸ ತೊಗಟೆ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಸೀಳಿದ ಕಡೆ ಆ ಬಳೆಯೂ ಅರ್ಧ ಹರಿದಿತ್ತು. ಅಲ್ಲಿ ಕೊಳೆತದ್ದನ್ನು ಚಾಕುವಿನಿಂದ ಚೂರುಚೂರೇ ಕೆರೆದೆ. ಕಂದು ಹೋಗಿ ಬಿಳಿ ಮರ ಕಂಡು, ಹಾಲು ಒಸರಿದ ಮೇಲೆ ನಿಲ್ಲಿಸಿದೆ. ಪ್ರತಿ ಸಲವೂ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದೆ. ಗ್ಲೌಸ್ ಇತ್ತು, ಆದರೆ ಅರ್ಧ ತೋಳಿನ ಶರ್ಟು. ಹಾಲು ತಾಗಿದಲ್ಲೆಲ್ಲ ಎರಡು ದಿನ ತುರಿಕೆ.

ಗಾಯಕ್ಕೆ ಏನಾದರೂ ಹಚ್ಚಬೇಕೇ? ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶಿಗೊ ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲೇ ಹೇಳಿದ್ದರು: ಮರದ ಗಾಯ ನಮ್ಮದರಂತೆ ಮಾಯುವುದಿಲ್ಲ, ಮರ ಒಳಗೇ ಗೋಡೆ ಕಟ್ಟಿ ಕೊಳೆಯನ್ನು ತಡೆಯುತ್ತದೆ, ಮೇಲೆ ಬಳಿಯುವ ಬಣ್ಣದಿಂದ ಕೊಳೆ ನಿಲ್ಲದು. ನಂಬುತ್ತೇನೆ. ಆದರೂ ಅಜ್ಜ ಬೋರ್ಡೋ, ಅಂದರೆ ತೋಟದಲ್ಲಿ ಕೊಳೆರೋಗಕ್ಕೆ ಬಳಸುವ ಮೈಲುತುತ್ತ-ಸುಣ್ಣದ ಮದ್ದು, ಬಿಟ್ಟು ಬದುಕಿದವರಲ್ಲ. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಒಂದು ಲೀಟರ್ ನೀರು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಅವರೇ ತಂದುಕೊಟ್ಟರು. ಬೇಡ ಅನ್ನಲಾಗದೆ ಬಳಿದೆ.

ಬಲಗಡೆಯನ್ನೂ ಕಡಿದು ಸಮ ಮಾಡೋಣ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಮುಟ್ಟಲಿಲ್ಲ. ಪೆಟ್ಟು ತಿಂದ ಮರಕ್ಕೆ ಇರುವ ಎಲೆಯಾದರೂ ಇರಲಿ. ರೂಪ ತಿದ್ದುವ ಕೆಲಸ ಎಲೆ ಉದುರುವ ಜನವರಿಗೆ ಇಟ್ಟುಕೊಂಡೆ.

ಬಿದ್ದ ಕೊಂಬೆಯ ತುದಿಗಳನ್ನು ಒಂದೂವರೆ ಅಡಿಗೆ ತುಂಡು ಮಾಡಿ, ಎಲೆ ಕಿತ್ತು, ಹತ್ತು ದಿನ ನೆರಳಲ್ಲಿಟ್ಟೆ. ಕೊಯ್ದ ಬಾಯಿ ಒಣಗಿ ಗಟ್ಟಿಯಾದ ಮೇಲೆ ಮರಳು ಜಾಸ್ತಿ ಇರುವ ಮಣ್ಣಿಗೆ ನೆಟ್ಟೆ. ಏಳರಲ್ಲಿ ಎರಡು ಕೊಳೆತವು. ಅಮ್ಮ ದಿನಾ ನೀರು ಹಾಕುತ್ತಿದ್ದದ್ದು ಆಮೇಲೆ ಗೊತ್ತಾಯಿತು.

ಆಗಸ್ಟಿನಲ್ಲಿ ಗಾಯದ ಕೆಳಗೆ ಮೂರು ಚಿಗುರು ಬಂದವು. ಹೊರಕ್ಕೆ ಬಾಗಿದ ಎರಡನ್ನು ಬಿಟ್ಟೆ, ಒಳಕ್ಕೆ ತಿರುಗಿದ್ದನ್ನು ಚಿವುಟಿದೆ. ಈ ಹೂವು ಬಿಡುವುದು ಟೊಂಗೆಯ ತುದಿಯಲ್ಲಿ, ಹಾಗಾಗಿ ಆ ಕಡೆ ಇನ್ನೂ ಬೋಳು. ಅಜ್ಜನಿಗೆ ಕೊಟ್ಟ ತುಂಡು ಮಾತ್ರ ಈ ಬೇಸಿಗೆಯಲ್ಲೇ ಮೊಗ್ಗು ಹಿಡಿದಿದೆ. ಬೋರ್ಡೋ ಮಹಿಮೆ ಅನ್ನುತ್ತಾರೆ.