ಸಾಕ್ಷಿ ಅಮೆರಿಕದಲ್ಲಿದೆ, ದೂರು ಮಡಿಕೇರಿಯಲ್ಲಿ: ಮುಂದೇನು ಮಾಡಬೇಕು?

ನಿಮ್ಮ ಹೋಂಸ್ಟೇ ಹೆಸರು, ಫೋಟೋ ಹಾಕಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ನಕಲಿ ಖಾತೆ ತೆರೆದು ಪ್ರವಾಸಿಗರಿಂದ ಅಡ್ವಾನ್ಸ್ ಕೀಳುತ್ತಿದ್ದಾರೆ ಅಂದುಕೊಳ್ಳಿ. ಖಾತೆ ಯಾರದ್ದು ಅನ್ನುವ ದಾಖಲೆ ಅಮೆರಿಕದ ಕಂಪನಿ ಹತ್ತಿರ ಇರುತ್ತದೆ. ನಮ್ಮ ಪೊಲೀಸರು ಅಲ್ಲಿಗೆ ಹೋಗಿ ಜಪ್ತಿ ಮಾಡುವ ಹಾಗಿಲ್ಲ, ಆದರೆ ಕೇಳಿ ತರಿಸಿಕೊಳ್ಳಲು ದಾರಿ ಇದೆ.

ಸಿಟ್ಟಿನಲ್ಲಿ ಖಾತೆಯನ್ನು ರಿಪೋರ್ಟ್ ಮಾಡುವ ಮೊದಲು ಅದರ ಪೂರ್ತಿ ಲಿಂಕ್ ಬರೆದಿಟ್ಟುಕೊಳ್ಳಿ, ಚಾಟ್‌ಗಳನ್ನು ದಿನಾಂಕ, ಸಮಯ ಕಾಣುವ ಹಾಗೆ ತೆಗೆದಿಡಿ. ದುಡ್ಡು ಕಳೆದುಕೊಂಡವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ನೀವು ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ದೂರು ಕೊಡಿ.

ಎಫ್‌ಐಆರ್ ಆದ ಕೂಡಲೇ ತನಿಖಾಧಿಕಾರಿಯನ್ನು ಒಂದು ಮಾತು ಕೇಳಿ: 'ಸರ್, ಡೇಟಾ ಅಳಿಸದೆ ಇಟ್ಟುಕೊಳ್ಳಿ ಅಂತ ಕಂಪನಿಗೆ ಬರೆದಿದ್ದೀರಾ?' ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಯಾಕೆಂದರೆ ಮುಂದಿನ ಹಂತಗಳೆಲ್ಲ ನಿಧಾನ, ಅಷ್ಟರಲ್ಲಿ ಡೇಟಾವೇ ಇಲ್ಲದಿದ್ದರೆ ದೇಶಗಳ ನಡುವಿನ ಯಾವ ಒಪ್ಪಂದವೂ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಅಲ್ಲಿನ ಸರ್ಕಾರಿ ಕೋರಿಕೆ ಬಂದರೆ ಕಂಪನಿ 90 ದಿನ ಕಾದಿಡಬೇಕು, ಮತ್ತೆ ಕೇಳಿದರೆ ಇನ್ನೂ 90 ದಿನ. ಇನ್‌ಸ್ಟಾಗ್ರಾಂನ ಮಾಲೀಕ ಮೆಟಾ ಕಂಪನಿ ಅಧಿಕೃತ ಅಪರಾಧ ತನಿಖೆಯ ಕೋರಿಕೆ ಬಂದರೂ 90 ದಿನ ಕಾದಿಡುತ್ತದೆ.

ಹೆಸರು, ಫೋನ್ ನಂಬರ್, ಲಾಗಿನ್ ಆದ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ನಂಬರ್) ಇಂಥ ಮೂಲ ವಿವರಗಳನ್ನು ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಸೆಕ್ಷನ್ ನೋಟಿಸ್ ಕೊಟ್ಟು ಕಂಪನಿಯನ್ನೇ ಕೇಳಬಹುದು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಐಪಿ ಬಂದಾಗ ಸಮಯ ನೋಡಬೇಕು. ಅದು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ, ನಮ್ಮ ಸಮಯ ತಿಳಿಯಲು 5 ಗಂಟೆ 30 ನಿಮಿಷ ಕೂಡಿಸಬೇಕು. ಒಂದೇ ಐಪಿಯನ್ನು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆಯವರು ಬಳಸಿರುತ್ತಾರೆ ಅಲ್ವಾ, ಲೆಕ್ಕ ತಪ್ಪಿದರೆ ಯಾವುದೋ ಅಮಾಯಕರ ಮನೆ ಬಾಗಿಲಿಗೆ ಪೊಲೀಸರು ಹೋಗಿ ನಿಲ್ಲುತ್ತಾರೆ.

ಆ ಖಾತೆಯವರು ಬೇರೆಯವರಿಗೆ ಬರೆದ ಮೆಸೇಜ್ ಬೇಕು ಅಂದರೆ ದಾರಿ ಉದ್ದ. ಭಾರತ ಮತ್ತು ಅಮೆರಿಕ 2001ರಲ್ಲಿ ಸಹಿ ಹಾಕಿದ ಪರಸ್ಪರ ಕಾನೂನು ನೆರವಿನ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಕೋರಿಕೆ ನಮ್ಮ ಕೇಂದ್ರ ಗೃಹ ಸಚಿವಾಲಯದಿಂದ ಅಲ್ಲಿನ ನ್ಯಾಯ ಇಲಾಖೆಗೆ ಹೋಗುತ್ತದೆ. ಬಿಎನ್‌ಎಸ್‌ಎಸ್ 112ರಡಿ ಇಲ್ಲಿನ ಕೋರ್ಟೂ ವಿನಂತಿ ಪತ್ರ ಕಳಿಸಬಹುದು. ಅಲ್ಲಿನ ಜಡ್ಜ್ ವಾರಂಟ್ ಕೊಡಬೇಕು, ಹಾಗಾಗಿ 'ಎಲ್ಲ ಕೊಡಿ' ಅಂತ ಸುಮ್ನೆ ಬರೆದರೆ ನಡೆಯುವುದಿಲ್ಲ. ಯಾವ ಖಾತೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಆ ಮೆಸೇಜ್‌ಗೂ ಅಪರಾಧಕ್ಕೂ ಏನು ಸಂಬಂಧ ಅಂತ ಬಿಡಿಸಿ ಹೇಳಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾರದಾದರೂ ಜೀವ ಹೋಗುವ ಅಥವಾ ಗಂಭೀರ ಗಾಯವಾಗುವ ಅಪಾಯವಿದ್ದರೆ ಮಾತ್ರ ಪೊಲೀಸರು ತುರ್ತು ಕೋರಿಕೆ ಕಳಿಸಬಹುದು, ಆಗ ಕಂಪನಿ ಇಷ್ಟಕ್ಕೆಲ್ಲ ಕಾಯಬೇಕಿಲ್ಲ.

ಅಷ್ಟು ದಿನ ನಿಮ್ಮ ಫೋನನ್ನು ರೀಸೆಟ್ ಮಾಡಬೇಡಿ, ಮಾರಲೂಬೇಡಿ. ಸ್ಕ್ರೀನ್‌ಶಾಟ್ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಬೆರಳಚ್ಚಿನಂಥ ಕೋಡ್) ಬರೆಯಬೇಕು.