ಹಳೆ ಜೀಪಿನ ಮುಂದಿನ ಚಕ್ರದ ಬೇರಿಂಗ್: ಬಿಚ್ಚೋದು, ತೊಳೆಯೋದು, ಬಿಗಿ ಹಿಡಿಯೋದು

ಭದ್ರಾ ನಾಲೆಗೆ ನೀರು ನಿಲ್ಲಿಸಿದ ಮೇಲೆ ನಾನು ಮಾಡುವ ಮೊದಲ ಕೆಲಸ ಜೀಪಿನ ಮುಂದಿನ ಚಕ್ರ ಬಿಚ್ಚುವುದು. ನಮ್ಮದು 1992ರ ಮಹೀಂದ್ರಾ ಎಂಎಂ 540, ಅಪ್ಪ ಓಡಿಸುತ್ತಿದ್ದ ಗಾಡಿ. ಮಲೇಬೆನ್ನೂರಿನ ಕಡೆ ನಮ್ಮ ಭತ್ತದ ಗದ್ದೆ. ನಾಟಿ ಹೊತ್ತಿನಲ್ಲಿ ಸಸಿ, ಗೊಬ್ಬರ ಹೇರಿಕೊಂಡು ದಿನಕ್ಕೆ ನಾಲ್ಕು ಸಲ ಕಾಲುವೆ ನೀರಿಗೆ ಇಳಿದು ಹತ್ತುತ್ತೆ. ಓಡಿ ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಗ್ರೀಸ್ ಹೊರಬರದ ಹಾಗೆ ತಡೆಯುವ ಆಯಿಲ್ ಸೀಲ್ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ಹೊರಗಿಂದ ಏನೂ ಕಾಣಲ್ಲ, ಒಳಗೆ ತುಕ್ಕು ಶುರುವಾಗಿರುತ್ತೆ.

ಮೂರು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೊಸ ಬೇರಿಂಗ್ ಹಾಕಿಸಿದ್ದೆ. ದಾವಣಗೆರೆಗೆ ಹೊರಟವಳು ಹರಿಹರ ತಲುಪುವಷ್ಟರಲ್ಲಿ ಎಡಗಡೆಯಿಂದ ಸುಟ್ಟ ವಾಸನೆ ಬಂತು. ಹಬ್ ಮೇಲೆ ನೀರು ಹನಿಸಿದರೆ ಚುರ್ ಅಂದಿತು. ನಟ್ಟು ಜಾಸ್ತಿ ಬಿಗಿಯಾಗಿತ್ತು. ಗ್ರೀಸ್ ಕರಗಿ ಬ್ರೇಕ್ ಶೂ ಮೇಲೆಲ್ಲ ಹರಿದಿತ್ತು. ಅವತ್ತಿಂದ ಈ ಕೆಲಸ ನನ್ನದೇ.

ಮೊದಲು ತೊಂದರೆ ಎಲ್ಲಿದೆ ಅಂತ ನೋಡಿಕೊಳ್ಳಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಕೆಲವು ಹಳೆ ಜೀಪುಗಳಲ್ಲಿ ಎಡಗಡೆ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತೆ. ಬಿಚ್ಚಲಿಲ್ಲ ಅಂತ ಪೈಪ್ ಸಿಕ್ಕಿಸಿ ಒತ್ತುವ ಮೊದಲು ಅದನ್ನು ನೋಡಿ. ಆಕ್ಸಲ್ ಕೆಳಗೆ ಮರದ ದಿಮ್ಮಿ ಇಡಲೇಬೇಕು. ಸಿಮೆಂಟ್ ಇಟ್ಟಿಗೆ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತೆ.

ಈಗ ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಡಿದರೆ, ಒಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್ ಸಡಿಲ. ಬ್ರೇಕ್ ಹಿಡಿದಾಗಲೂ ಆಡುತ್ತಿದ್ದರೆ ಕಿಂಗ್ ಪಿನ್ (ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲು) ಕಡೆ ನೋಡಬೇಕು. ಎಷ್ಟೋ ಜನ ಇದನ್ನು ನೋಡದೆ ಸುಮ್ನೆ ಹೊಸ ಬೇರಿಂಗ್ ಹಾಕಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಬಿಚ್ಚುವುದು ಕಷ್ಟವಲ್ಲ. ಬ್ರೇಕ್ ಶೂ ಅಡ್ಜಸ್ಟ್‌ಮೆಂಟ್ ಸಡಿಲಿಸಿ, ಇಲ್ಲದಿದ್ದರೆ ಡ್ರಮ್ ಹೊರಗೆ ಬರಲ್ಲ. ನಡುವಿನ ಮುಚ್ಚಳ ತೆಗೆದರೆ ಶಾಫ್ಟ್ ತುದಿಯಲ್ಲಿ ಸ್ನ್ಯಾಪ್ ರಿಂಗ್ ಇರುತ್ತೆ, ಕೆಲವಕ್ಕೆ ಸ್ಪ್ಲಿಟ್ ಪಿನ್ ಹಾಕಿದ ನಟ್ಟು. ಅದನ್ನು ತೆಗೆದು, ಫ್ಲೇಂಜಿನ (ಶಾಫ್ಟನ್ನು ಹಬ್ಬಿಗೆ ಜೋಡಿಸುವ ತಟ್ಟೆ) ಆರು ಬೋಲ್ಟ್ ಬಿಚ್ಚಿ ಮೆಲ್ಲಗೆ ತಟ್ಟಿ ಎಳೆಯಿರಿ. ಹಿಂದೆ ಸಂದಿ ತುಂಬುವ ತೆಳ್ಳನೆಯ ತಗಡು, ಅಂದರೆ ಶಿಮ್ ಇದ್ದರೆ ಹಾಗೇ ಎತ್ತಿಡಿ. ಒಳಗೆ ಎರಡು ದೊಡ್ಡ ನಟ್ಟು, ನಡುವೆ ಮಡಚಿದ ಲಾಕ್ ವಾಷರ್. ಇದಕ್ಕೆ ಎರಡು ಇಂಚಿಗಿಂತ ಸ್ವಲ್ಪ ದೊಡ್ಡ ಬಾಕ್ಸ್ ಸ್ಪ್ಯಾನರ್ ಬೇಕು. ಅದೊಂದನ್ನು ಖರ್ಚು ಮಾಡಿ ತಂದುಬಿಡಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ ನಟ್ಟುಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಹಾಗೆ ಹೊಡೆದವರಿಗೆ ಎಷ್ಟು ಬಿಗಿಯಾಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಡ್ರಮ್ ಹೊರಗಿದ್ದಾಗ ಯಾರೂ ಬ್ರೇಕ್ ತುಳಿಯಬಾರದು, ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತೆ. ಒಳಗಿನ ಧೂಳನ್ನು ಗಾಳಿ ಹೊಡೆದು ಎಬ್ಬಿಸಬೇಡಿ, ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೆ ಗ್ರೀಸನ್ನು ಬೆರಳಲ್ಲಿ ತೆಗೆದು ನೋಡಿ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ. ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ, ಬಿಸಿಲಲ್ಲಿ ಒಂದೊಂದೇ ರೋಲರ್ ತಿರುಗಿಸಿ ನೋಡಿ. ನೀಲಿ ಬಣ್ಣ ಬಂದಿದ್ದರೆ ಅದು ಬೆಂದಿದೆ. ಹಬ್ ಒಳಗಿನ ಕಪ್ (ರೋಲರ್‌ಗಳು ಉರುಳುವ ಹೊರ ಬಳೆ) ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಬದಲಾಯಿಸಲೇಬೇಕು. ಕೋನ್ (ರೋಲರ್‌ಗಳಿರುವ ಒಳ ಭಾಗ) ಮಾತ್ರ ಹೊಸದು, ಕಪ್ ಹಳೆಯದು ಅಂತ ಮಾಡಬೇಡಿ. ಹಳೆ ಕಪ್ಪಿನ ಗುಳಿ ಹೊಸ ರೋಲರನ್ನು ತಿಂದುಹಾಕುತ್ತೆ. ನಮ್ಮ ಜೀಪಿಗೆ ಒಳಗೂ ಹೊರಗೂ ಒಂದೇ ನಂಬರ್: ಕೋನ್ 18590, ಕಪ್ 18520. ನಿಮ್ಮದರ ಅಂಚಿನಲ್ಲೂ ಕೊರೆದಿರುತ್ತೆ, ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸಿ.

ಹಳೆ ಕಪ್ಪನ್ನು ಹೊರಗೆ ತೆಗೆದ ಮೇಲೆ, ಹೊಸ ಕಪ್ಪಿನ ಮೇಲೆ ಅದನ್ನೇ ಇಟ್ಟು, ಅದರ ಮೇಲೆ ಹಿತ್ತಾಳೆ ಸರಳಿಟ್ಟು ಸುತ್ತಲೂ ತಟ್ಟುತ್ತಾ ಹೊಸದನ್ನು ಇಳಿಸಬೇಕು. ತಳ ಮುಟ್ಟಿದಾಗ ಸದ್ದು ಬದಲಾಗುತ್ತೆ, ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ಲಿಥಿಯಂನದ್ದೇ ಆಗಬೇಕು, ನಾನು ಎಂಪಿ-3 ಅನ್ನುವ ಮಲ್ಟಿಪರ್ಪಸ್ ಗ್ರೀಸ್ ಹಾಕುತ್ತೇನೆ. ಅಗ್ಗದ ಚಾಸಿ ಗ್ರೀಸ್ ಬ್ರೇಕಿನ ಬಿಸಿಗೆ ಕರಗುತ್ತೆ. ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ತಗೊಳ್ಳಿ. ಬೇರಿಂಗಿನ ಅಗಲದ ಬದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಿರಿ. ಮೇಲಿನ ಕಿರಿದಾದ ಬದಿಯಲ್ಲಿ, ರೋಲರ್‌ಗಳ ನಡುವಿಂದ ಶಾವಿಗೆಯ ಹಾಗೆ ಗ್ರೀಸ್ ಎದ್ದು ಬರುವವರೆಗೂ ಬಿಡಬೇಡಿ. ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ, ಒಂದು ಸುತ್ತು ಪೂರ್ತಿ. ಬೆರಳಲ್ಲಿ ಮೇಲೆ ಸವರಿದರೆ ಒಳಗೆ ಹೋಗಲ್ಲ. ಹಬ್ ಒಳಗೆ ತೆಳುವಾಗಿ ಬಳಿದರೆ ಸಾಕು. ಅಲ್ಲಿ ತುಂಬಿಸಿಟ್ಟರೆ ಬಿಸಿಗೆ ಉಬ್ಬಿ ಸೀಲ್ ದಾಟುತ್ತೆ. ಆಯಿಲ್ ಸೀಲ್ ಪ್ರತಿ ಸಲವೂ ಹೊಸದೇ ಹಾಕಿ, ತುಟಿ ಬೇರಿಂಗ್ ಕಡೆಗಿರಲಿ.

ಇನ್ನು ಬಿಗಿ ಹಿಡಿಯುವುದು. ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ ಕೆಲಸ ಇದೇ. ಹಬ್ ಏರಿಸಿ, ಹೊರಗಿನ ಬೇರಿಂಗ್, ವಾಷರ್, ಮೊದಲ ನಟ್ಟು ಹಾಕಿ. ಚಕ್ರವನ್ನೂ ಎರಡು ನಟ್ಟಿನಲ್ಲಿ ಸಿಕ್ಕಿಸಿ. ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದರು: "ಚಕ್ರ ತಿರುಗಿಸ್ತಾನೇ ಬಿಗಿ ಮಾಡು ಮಗಾ. ನಿಂತ ಚಕ್ರದಲ್ಲಿ ರೋಲರ್ ಸರಿಯಾಗಿ ಕೂರಲ್ಲ." ಒಂದು ಕೈಯಲ್ಲಿ ಚಕ್ರ ತಿರುಗುತ್ತಿರಲಿ, ಇನ್ನೊಂದರಲ್ಲಿ ಸ್ಪ್ಯಾನರ್. ಮೊದಲು ಹಗುರ. ಆಮೇಲೆ ಚಕ್ರ ಭಾರವಾಗುತ್ತಾ, ಬಿಟ್ಟ ತಕ್ಷಣ ನಿಲ್ಲುವ ಹಾಗೆ ಆಗುತ್ತೆ. ಅಲ್ಲಿಂದ ನಟ್ಟನ್ನು ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಡಿ, ಅಂದರೆ ಆರು ಮೂಲೆಯ ನಟ್ಟಿನ ಒಂದು ಮೂಲೆಯಷ್ಟು. ಈಗ ತಳ್ಳಿದರೆ ಚಕ್ರ ತಡೆಯಿಲ್ಲದೆ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಿಸಿದರೆ ಕೈಗೆ ಆಟ ಸಿಗಬಾರದು. ಲಾಕ್ ವಾಷರ್, ಎರಡನೇ ನಟ್ಟು ಹಾಕಿ ಗಟ್ಟಿ ಮಾಡಿ, ಮತ್ತೊಮ್ಮೆ ತಿರುಗಿಸಿ. ಎರಡನೇ ನಟ್ಟು ಬಿಗಿಯಾಗುವಾಗ ಮೊದಲಿನದೂ ಸ್ವಲ್ಪ ಜರುಗಿರಬಹುದು. ನನಗೆ ಎಷ್ಟೋ ಸಲ ಮೂರು ಬಾರಿ ಬಿಚ್ಚಿ ಹಾಕಬೇಕಾಗಿದೆ. ಬೇಜಾರು ಮಾಡಿಕೊಳ್ಳದೆ ಮಾಡಿ. ಸರಿ ಅನ್ನಿಸಿದ ಮೇಲೆ ವಾಷರ್ ಅಂಚನ್ನು ನಟ್ಟಿನ ಮೇಲೆ ಮಡಚಿ.

ಫ್ಲೇಂಜ್ ಕೂರಿಸಿ, ಬ್ರೇಕ್ ಹೊಂದಿಸಿ, ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ, ಮೊದಲು ಕೈ ಹತ್ತಿರ ಹಿಡಿದು ಕಾವು ನೋಡಿಕೊಂಡು ಆಮೇಲೆ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಿದ್ದರೆ ಅಥವಾ ಒಂದು ಕಡೆಯದು ಇನ್ನೊಂದಕ್ಕಿಂತ ತುಂಬ ಬಿಸಿಯಿದ್ದರೆ ಅವತ್ತೇ ಬಿಚ್ಚಿ ಸಡಿಲಿಸಿ. ವಾರ ಓಡಿಸಿದ ಮೇಲೆ ಜಾಕ್ ಏರಿಸಿ ಮತ್ತೆ ಅಲ್ಲಾಡಿಸಿ ನೋಡಿ. ಫ್ಲೇಂಜಿನ ಆರು ಬೋಲ್ಟಿಗೂ ಆಗಲೇ ಒಂದು ಸಲ ಸ್ಪ್ಯಾನರ್ ಕೊಡಿ.