ಫ್ಯಾಕ್ಟರಿಗೇ ಆರ್ಡರ್ ಕೊಟ್ಟು ಕಾರು ಕೊಳ್ಳುವುದು ಹೇಗೆ? ಡೀಲರ್‌ಗೆ ಇನ್ನೇನು ಕೆಲಸ?

ಶೋರೂಮಿನ ಅಂಗಳದಲ್ಲಿ ನಿಂತ ಕಾರುಗಳಲ್ಲಿ ಒಂದನ್ನು ತೋರಿಸಿ, ಚೌಕಾಸಿ ಮಾಡಿ, ವಾರದೊಳಗೆ ಕೀ ಇಸಿದುಕೊಳ್ಳುವುದು ಒಂದು ಕ್ರಮ. ಎಂಜಿನ್, ಬಣ್ಣ, ಸೀಟು ಎಲ್ಲವನ್ನೂ ನಾವೇ ಆರಿಸಿ, ಆರ್ಡರ್ ಫ್ಯಾಕ್ಟರಿಗೆ ಹೋಗಿ, ತಿಂಗಳುಗಟ್ಟಲೆ ಕಾದು ಕಾರು ಪಡೆಯುವುದು ಇನ್ನೊಂದು. ಜರ್ಮನಿಯವರಿಗೆ ಈ ಎರಡನೆಯದು ಹೊಸದೇನಲ್ಲ. ವೋಕ್ಸ್‌ವ್ಯಾಗನ್ 2000ನೇ ಇಸವಿಯಲ್ಲಿ ವೊಲ್ಫ್ಸ್‌ಬರ್ಗ್‌ನಲ್ಲಿ ತೆರೆದ ‘ಆಟೋಸ್ಟಾಟ್’ನಲ್ಲಿ ಎರಡು ಗಾಜಿನ ಗೋಪುರಗಳಿವೆ. ಒಂದೊಂದರಲ್ಲೂ ಸುಮಾರು 400 ಕಾರುಗಳು ತಮ್ಮ ಯಜಮಾನರಿಗಾಗಿ ಕಾಯುತ್ತಿರುತ್ತವೆ. ಅಮೆರಿಕದಲ್ಲಿ ಮಾತ್ರ ಅಂಗಳದ ಕಾರಿನದೇ ದರ್ಬಾರು. 2021ರಲ್ಲಿ ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆಯಾಗಿ ಆ ಅಂಗಳಗಳೆಲ್ಲ ಖಾಲಿಯಾದಾಗ, ಆರ್ಡರ್ ಕೊಟ್ಟು ಕಾಯುವುದನ್ನು ಅಲ್ಲಿನವರೂ ಕಲಿತರು.

ಹಂತಗಳಿಗೆ ಹೋಗುವ ಮೊದಲು ಡೀಲರ್‌ನ ಲೆಕ್ಕಾಚಾರ ಸ್ವಲ್ಪ ಗೊತ್ತಿರಲಿ. ಅಂಗಳದ ಕಾರುಗಳು ಸಾಮಾನ್ಯವಾಗಿ ಸಾಲದ ದುಡ್ಡಿನವು. ಡೀಲರ್ ಸಾಲ ತಂದು ಕಂಪನಿಗೆ ಹಣ ಕಟ್ಟಿರುತ್ತಾರೆ, ಕಾರು ನಿಂತಷ್ಟು ದಿನವೂ ಬಡ್ಡಿ ಓಡುತ್ತಿರುತ್ತದೆ. ತಿಂಗಳ ಕೊನೆಯಲ್ಲಿ ಇದ್ದಕ್ಕಿದ್ದಂತೆ ರಿಯಾಯಿತಿ ಹುಟ್ಟುವುದಕ್ಕೆ ಇದೂ ಒಂದು ಕಾರಣ. ಕಂಪನಿಗಾದರೋ ಕಾರು ಫ್ಯಾಕ್ಟರಿ ಗೇಟು ದಾಟಿದರೆ ಮುಗಿಯಿತು, ಉಳಿದ ತಲೆನೋವು ಡೀಲರ್‌ದು. 1920–21ರ ಮಾರುಕಟ್ಟೆ ಕುಸಿತದಲ್ಲಿ ಕೈಯಲ್ಲಿ ನಗದಿಲ್ಲದ ಹೆನ್ರಿ ಫೋರ್ಡ್, ಯಾರೂ ಕೇಳದ ಮಾಡೆಲ್ ಟಿ ಕಾರುಗಳನ್ನು ಡೀಲರ್‌ಗಳ ಊರಿಗೆ ಕಳಿಸಿ, ಬಂದ ಕೂಡಲೇ ಹಣ ಕಟ್ಟಿ ಎಂದಿದ್ದರು. ಡೀಲರ್‌ಗಳು ಬ್ಯಾಂಕಿನಲ್ಲಿ ಸಾಲ ಎತ್ತಿ ಕಟ್ಟಿದರು. ಇಂಥ ಜಬರದಸ್ತಿಯ ಎದುರು ಡೀಲರ್‌ಗಳ ಬೆನ್ನಿಗೆ ನಿಲ್ಲಲು ಅಮೆರಿಕದ ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು, 1956ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಡೀಲರ್‌ಗಳಿಲ್ಲದೆ ತಾನೇ ಎಲೆಕ್ಟ್ರಿಕ್ ಕಾರು ಮಾರುವ ಟೆಸ್ಲಾದ ದಾರಿಗೆ ಈಗ ಅಡ್ಡ ನಿಂತಿರುವುದು ಅದೇ ರಾಜ್ಯಗಳ ಕಾನೂನು. ಟೆಸ್ಲಾದ ಕೇಂದ್ರ ಕಚೇರಿ 2021ರಿಂದ ಟೆಕ್ಸಸ್‌ನಲ್ಲಿದೆ, ಆದರೆ ಕಾರು ಕಂಪನಿಯೇ ನೇರವಾಗಿ ಗ್ರಾಹಕರಿಗೆ ಮಾರುವುದಕ್ಕೆ ಟೆಕ್ಸಸ್‌ನ ಕಾನೂನು ಒಪ್ಪುವುದಿಲ್ಲ!

ಅದೇ ಫೋರ್ಡ್ ಕಂಪನಿಯ ಮುಖ್ಯಸ್ಥ ಜಿಮ್ ಫಾರ್ಲಿ, ನೂರು ವರ್ಷದ ಮೇಲೆ, 2021ರಲ್ಲಿ, ಇನ್ನು ಆರ್ಡರ್ ಆಧಾರಿತ ಮಾರಾಟದ ಕಡೆಗೆ ಹೊರಳುತ್ತೇವೆ ಎಂದರು. ಚಿಪ್‌ಗಳು ಮತ್ತೆ ಬಂದವು, ಅಂಗಳಗಳೂ ಮತ್ತೆ ತುಂಬತೊಡಗಿದವು. ಹಾಗಾಗಿ ಡೀಲರ್‌ಶಿಪ್ ಮುಗಿದೇಹೋಯಿತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಎರಡೂ ಕ್ರಮಗಳು ಪಕ್ಕಪಕ್ಕದಲ್ಲೇ ನಡೆಯುತ್ತವೆ. ಆದರೆ ಆರ್ಡರ್ ಕೊಡುವವರು ತಿಳಿದಿರಬೇಕಾದ ಸಂಗತಿ ಒಂದಿದೆ. ಮುಂಗಡ ಕಟ್ಟಿದ ದಿನ ನಿಮಗೆ ಸಿಗುವುದು ಸರದಿಯಲ್ಲೊಂದು ಜಾಗ, ಅಷ್ಟೇ. ಆ ಜಾಗವನ್ನು ಗಟ್ಟಿ ಮಾಡಿಕೊಳ್ಳುವ ಬಗೆ ಹೀಗೆ.

ಹಂತ 1: ಮಾರುವವರು ಯಾರೆಂದು ತಿಳಿದುಕೊಳ್ಳಿ

ಕೊಟೇಶನ್ ಹಾಳೆಯಲ್ಲಿ ಮಾರಾಟಗಾರರು ಎಂಬಲ್ಲಿ ಯಾರ ಹೆಸರಿದೆ, ನೋಡಿ. ಡೀಲರ್‌ನ ಹೆಸರಿದ್ದರೆ ಅದು ಹಳೆಯ ಪದ್ಧತಿ. ಕಂಪನಿಯಿಂದ ಅವರು ಕೊಂಡು, ನಿಮಗೆ ಮಾರುತ್ತಾರೆ, ಚೌಕಾಸಿಗೆ ಜಾಗವಿದೆ. ಬಿಲ್ ಕಂಪನಿಯದೇ ಆಗಿದ್ದು ಕಾರು ಮಾತ್ರ ಶೋರೂಮಿನಲ್ಲಿ ಕೊಡುವುದಾದರೆ ಅದು ಏಜೆನ್ಸಿ ಪದ್ಧತಿ. ಬೆಲೆ ಎಲ್ಲ ಕಡೆಯೂ ಒಂದೇ. ಕಾರು ತೋರಿಸಿ, ಓಡಿಸಲು ಕೊಟ್ಟು, ಡಿಲಿವರಿ ಮಾಡಿದ್ದಕ್ಕೆ ಡೀಲರ್‌ಗೆ ಕಮಿಷನ್. ಮರ್ಸಿಡಿಸ್ ಬೆಂಜ್ 2021ರಲ್ಲಿ ಭಾರತದಲ್ಲಿ, 2023ರಲ್ಲಿ ಬ್ರಿಟನ್‌ನಲ್ಲಿ ಈ ಪದ್ಧತಿಗೆ ಹೋಯಿತು. ಮೂರನೆಯದು ಟೆಸ್ಲಾದ ದಾರಿ, ನಡುವೆ ಯಾರೂ ಇಲ್ಲ.

ಇದನ್ನು ಮೊದಲೇ ತಿಳಿಯದೆ, ಏಜೆನ್ಸಿಯವರ ಮುಂದೆ ಎರಡು ಗಂಟೆ ಚೌಕಾಸಿ ಮಾಡಿ ಬಂದವರಿದ್ದಾರೆ. ಕಡಿಮೆ ಮಾಡುವ ಅಧಿಕಾರ ಆ ಸೇಲ್ಸ್‌ನವರಿಗೆ ಇರುವುದೇ ಇಲ್ಲ.

ಇಲ್ಲೊಂದು ಮಾತು. ಏಜೆನ್ಸಿ ಪದ್ಧತಿಯೇ ಮುಂದಿನ ಕಾಲ ಎಂದು ಕಂಪನಿಗಳು ಕೆಲ ವರ್ಷಗಳ ಹಿಂದೆ ಡಂಗುರ ಸಾರಿದ್ದವು. ಆಮೇಲೆ ಕೆಲವು ಮೆಲ್ಲಗೆ ಹಿಂದೆ ಸರಿದವು. ಜಾಗ್ವಾರ್ ಲ್ಯಾಂಡ್ ರೋವರ್ 2024ರಲ್ಲಿ ಬ್ರಿಟನ್‌ನಲ್ಲಿ ತನ್ನ ಯೋಜನೆ ಕೈಬಿಟ್ಟಿತು. ಅಮೆರಿಕದಲ್ಲಿ ಫೋರ್ಡ್ 2022ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪ್ರಯೋಗಕ್ಕೆ ಕೈಹಾಕಿತ್ತು. ಎಲೆಕ್ಟ್ರಿಕ್ ಕಾರು ಮಾರಬೇಕಾದರೆ ಡೀಲರ್ 5 ಲಕ್ಷ ಡಾಲರ್ ಅಥವಾ 12 ಲಕ್ಷ ಡಾಲರ್‌ವರೆಗೆ ಹೂಡಬೇಕು, ಚೌಕಾಸಿಯಿಲ್ಲದೆ ಮಾರಬೇಕು ಎಂಬ ಷರತ್ತು. 2024ರಲ್ಲಿ ಅದನ್ನೂ ನಿಲ್ಲಿಸಿತು. ವೋಕ್ಸ್‌ವ್ಯಾಗನ್ ಬಳಗದ ಸ್ಕೌಟ್ ಎಂಬ ಕಾರು ಕಂಪನಿ ಅದೇ ವರ್ಷ ನೇರ ಮಾರಾಟ ಘೋಷಿಸಿದ್ದೇ ತಡ, ಡೀಲರ್‌ಗಳು ಕೋರ್ಟಿನ ಮೆಟ್ಟಿಲೇರಿದರು. ನನಗೆ ಕಾಣುವ ಕಾರಣ ಸರಳ. ಡೀಲರ್‌ನನ್ನು ಬದಿಗೆ ಸರಿಸಿದರೆ ಅವರ ಲಾಭ ಕಂಪನಿಗೆ ಬರುತ್ತದೆ ನಿಜ, ಜತೆಗೆ ಮಾರಾಟವಾಗದ ಕಾರಿನ ಬಡ್ಡಿಯೂ ಬರುತ್ತದೆ. ಬೇಡಿಕೆ ಬಿದ್ದಾಗ ಎರಡನೆಯದೇ ಹೆಚ್ಚು ಭಾರ.

ಹಂತ 2: ಪಟ್ಟಿ ಮಾಡಿ, ಎರಡನೇ ಬಣ್ಣವನ್ನೂ ಬರೆದಿಡಿ

ಕಂಪನಿಯ ವೆಬ್‌ಸೈಟಿನಲ್ಲಿ ಕಾರನ್ನು ಜೋಡಿಸುತ್ತ ಹೋದರೆ ಎಲ್ಲವೂ ಬೇಕೆನಿಸುತ್ತದೆ. ಕಾಗದದ ಮೇಲೆ ಎರಡು ಸಾಲು ಮಾಡಿ, ಒಂದರಲ್ಲಿ ಬೇಕೇಬೇಕಾದದ್ದು, ಇನ್ನೊಂದರಲ್ಲಿ ಇದ್ದರೆ ಆದೀತು ಎನ್ನುವುದು. ಆರ್ಡರ್ ತಡವಾಗಲು ದೊಡ್ಡ ಕಾರಣ ಯಾವುದೋ ಒಂದು ಚಿಕ್ಕ ಭಾಗ ಸಿಗದೇ ಇರುವುದು. ಅದೊಂದನ್ನು ಬಿಟ್ಟುಕೊಟ್ಟರೆ ನಿಮ್ಮ ಕಾರು ಮುಂದೆ ಹೋಗಬಹುದು. ಆ ಪ್ರಶ್ನೆ ಬಂದಾಗ ಉತ್ತರ ಸಿದ್ಧವಿರಲಿ.

ಬಣ್ಣವನ್ನೇ ತೆಗೆದುಕೊಳ್ಳಿ. 2011ರ ಮಾರ್ಚಿನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ಒನಾಹಾಮಾದಲ್ಲಿದ್ದ ಮರ್ಕ್ ಕಂಪನಿಯ ಒಂದು ಘಟಕ ನಿಂತಿತು. ಕಾರಿನ ಬಣ್ಣಕ್ಕೆ ಮಿನುಗು ಕೊಡುವ ಕ್ಸಿರಾಲಿಕ್ ಎಂಬ ಪುಡಿ ಆಗ ತಯಾರಾಗುತ್ತಿದ್ದದ್ದು ಜಗತ್ತಿನಲ್ಲಿ ಅದೊಂದೇ ಕಡೆ. ಸಾವಿರಾರು ಮೈಲಿ ಆಚೆ ಅಮೆರಿಕದಲ್ಲಿ ಫೋರ್ಡ್ ಒಂದು ಬಗೆಯ ಕಪ್ಪು ಮತ್ತು ಕೆಲವು ಕೆಂಪು ಬಣ್ಣಗಳ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು.

ಟೆಸ್ಟ್ ಡ್ರೈವ್ ಮಾಡುವಾಗ ನೀವು ಆರ್ಡರ್ ಕೊಡುವ ಎಂಜಿನ್, ಅದೇ ಅಳತೆಯ ಚಕ್ರಗಳಿರುವ ಕಾರನ್ನೇ ಕೇಳಿ. ದೊಡ್ಡ ಚಕ್ರ ಹಾಕಿದ ಕಾರು ಹಳ್ಳದಿಣ್ಣೆಯಲ್ಲಿ ಬೇರೆಯೇ ಥರ ಎತ್ತಿಹಾಕುತ್ತದೆ.

ಹಂತ 3: ಡೀಲರ್‌ನನ್ನು ಕೋಟಾ ನೋಡಿ ಆರಿಸಿ

ಅಂಗಳದ ಕಾರಿಗೆ ಹೆಚ್ಚು ರಿಯಾಯಿತಿ ಕೊಡುವ ಡೀಲರ್ ಒಳ್ಳೆಯವರು. ಆರ್ಡರ್ ಕಾರಿಗೆ ಹೆಚ್ಚು ಕೋಟಾ ಇರುವ ಡೀಲರ್ ಒಳ್ಳೆಯವರು. ಬಹುಪಾಲು ಕಂಪನಿಗಳು ಮಾಡೆಲ್‌ವಾರು ಡೀಲರ್‌ಗಳಿಗೆ ಕಾರು ಹಂಚುತ್ತವೆ. ಹಿಂದೆ ಬೇಗ ಬೇಗ ಮಾರಿದವರಿಗೆ ಮುಂದೆ ಹೆಚ್ಚು ಸಿಗುವುದು ರೂಢಿಯ ಲೆಕ್ಕ. ನಿಮ್ಮ ಆರ್ಡರ್ ಡೀಲರ್‌ನ ಕಂಪ್ಯೂಟರಿನಲ್ಲಿ ಇದ್ದರೂ, ಆ ತಿಂಗಳ ಕೋಟಾದಲ್ಲಿ ಜಾಗ ಸಿಗದಿದ್ದರೆ ಫ್ಯಾಕ್ಟರಿಯ ಮಟ್ಟಿಗೆ ನೀವು ಇಲ್ಲವೇ ಇಲ್ಲ.

“ಎಷ್ಟು ದಿನಕ್ಕೆ ಬರುತ್ತೆ?” ಎಂದು ಕೇಳಿದರೆ “ಆರೇಳು ವಾರ ಸಾರ್” ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೇರೆ ರೀತಿ ಕೇಳಿ: “ಈ ಮಾಡೆಲ್ ಹೋದ ಮೂರು ತಿಂಗಳಲ್ಲಿ ನಿಮಗೆ ಎಷ್ಟು ಬಂತು? ಈಗ ನನ್ನ ಮುಂದೆ ಎಷ್ಟು ಜನ ಇದ್ದಾರೆ?” ಎರಡನೇ ಸಂಖ್ಯೆಯನ್ನು ತಿಂಗಳ ಸರಾಸರಿಯಿಂದ ಭಾಗಿಸಿದರೆ ನಿಮ್ಮ ಕಾಯುವಿಕೆ ಎಷ್ಟು ತಿಂಗಳೆಂದು ಸುಮಾರಾಗಿ ತಿಳಿಯುತ್ತದೆ. ಉತ್ತರ ಹೇಳಲು ಹಿಂದೆಮುಂದೆ ನೋಡುವ ಶೋರೂಮಿನಿಂದ ಎದ್ದು ಬನ್ನಿ. ಸಣ್ಣ ಊರಿನ ಡೀಲರ್‌ಗೆ ಕೋಟಾ ಕಡಿಮೆ, ಆದರೆ ಸರದಿಯಲ್ಲಿ ಯಾರೂ ಇಲ್ಲದಿರಬಹುದು. ಅಲ್ಲಿಗೂ ಒಂದು ಫೋನ್ ಹಾಕುವುದರಲ್ಲಿ ನಷ್ಟವಿಲ್ಲ.

ಹತ್ತಿರದ ಸರ್ವೀಸ್ ಸೆಂಟರ್ ಹೇಗಿದೆ ಎಂಬುದನ್ನೂ ಇದೇ ಹಂತದಲ್ಲಿ ವಿಚಾರಿಸಿ. ಅಂಗಳ ಸಣ್ಣದಾದಷ್ಟೂ ಡೀಲರ್ ಬದುಕುವುದು ಸರ್ವೀಸ್, ಬಿಡಿಭಾಗ, ಹಳೆ ಕಾರಿನ ವ್ಯಾಪಾರದ ಮೇಲೆ. ಈಗಲೂ ಅವರ ಲಾಭದ ದೊಡ್ಡ ಪಾಲು ಹೊಸ ಕಾರಿನದಲ್ಲ. ವರ್ಕ್‌ಶಾಪಿಗೆ ದುಡ್ಡು ಹಾಕಿದವರು ಯಾರು, ಗಾಜಿನ ಮುಂಭಾಗಕ್ಕೆ ಹಾಕಿದವರು ಯಾರು ಎಂಬುದು ಒಂದು ಸುತ್ತು ಹಾಕಿದರೆ ತಿಳಿಯುತ್ತದೆ.

ಹಂತ 4: ಮುಂಗಡಕ್ಕೆ ಮುಂಚೆ ಕಾಗದ

ಬುಕಿಂಗ್ ಬೇರೆ, ಆರ್ಡರ್ ಬೇರೆ. 2016ರ ಮಾರ್ಚ್ 31ರಂದು ಟೆಸ್ಲಾ ಮಾಡೆಲ್ 3 ಬುಕಿಂಗ್ ತೆರೆದಾಗ ಒಂದೇ ವಾರದಲ್ಲಿ 3,25,000 ಜನ ತಲಾ ಸಾವಿರ ಡಾಲರ್ ಕಟ್ಟಿದರು. ಮೊದಲ ಕಾರುಗಳು ಹೊರಬಂದದ್ದು 2017ರ ಜುಲೈನಲ್ಲಿ. ಅವರು ಕೊಂಡದ್ದು ಆರ್ಡರ್ ಕೊಡುವ ಸರದಿ, ಕಾರಿನ ನಿಖರ ವಿವರ ಆರಿಸಿದ್ದು ಆಮೇಲೆ.

ನಿಮ್ಮ ಕಾಗದದಲ್ಲಿ ವೇರಿಯಂಟ್, ಬಣ್ಣ, ಪ್ರತಿಯೊಂದು ಆಯ್ಕೆಯ ಕೋಡ್ ಇರಬೇಕು. “ಟಾಪ್ ಮಾಡೆಲ್, ಬಿಳಿ” ಎಂದು ಬರೆದ ರಸೀದಿ ಯಾವುದಕ್ಕೂ ಬಾರದು. ಬೆಲೆ ಆರ್ಡರ್ ದಿನದ್ದೋ, ಡಿಲಿವರಿ ದಿನದ್ದೋ ಎಂಬುದು ಎಲ್ಲಕ್ಕಿಂತ ಮುಖ್ಯ. ನಡುವೆ ಮಾಡೆಲ್ ವರ್ಷ ಬದಲಾದರೆ ಬೆಲೆಯೂ ಏರುತ್ತದೆ, ಕೆಲವೊಮ್ಮೆ ಆರ್ಡರನ್ನೇ ಹೊಸದಾಗಿ ಹಾಕಬೇಕಾಗುತ್ತದೆ. ಮುಂಗಡ ಎಷ್ಟು ದಿನದೊಳಗೆ ಕೇಳಿದರೆ ಪೂರ್ತಿ ವಾಪಸ್, ಯಾವ ಹಂತ ದಾಟಿದ ಮೇಲೆ ಇಲ್ಲ ಎಂಬುದನ್ನೂ ಬರೆಸಿ. ನೀವು ಕೇಳದ ಆಕ್ಸೆಸರಿಗಳನ್ನು ಡಿಲಿವರಿ ದಿನ ಸೇರಿಸುವುದಿಲ್ಲ ಎಂಬ ಒಂದು ಸಾಲನ್ನು ಕೈಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಬಹುದು. ಫ್ಲೋರ್ ಮ್ಯಾಟ್, ಕೋಟಿಂಗ್, ಸೀಟ್ ಕವರ್ ಹೆಸರಿನಲ್ಲಿ ಬಿಲ್ ಉಬ್ಬುವುದು ಅಲ್ಲೇ.

ಇವೆಲ್ಲಕ್ಕಿಂತ ಮೇಲೆ, ಫ್ಯಾಕ್ಟರಿಯ ಆರ್ಡರ್ ನಂಬರ್ ಕೇಳಿ. ಶೋರೂಮಿನ ರಸೀದಿ ನಂಬರ್ ಬೇರೆ. ಫ್ಯಾಕ್ಟರಿ ನಂಬರ್ ಕೊಡದಿದ್ದರೆ ಆರ್ಡರ್ ಇನ್ನೂ ಹೋಗಿಲ್ಲ ಎಂದೇ ತಿಳಿಯಿರಿ.

ಹಂತ 5: ಕಾರು ಎಲ್ಲಿದೆ, ಹಿಂಬಾಲಿಸಿ

ಕೆಲವು ಕಂಪನಿಗಳು ಪ್ರತಿ ಘಟ್ಟಕ್ಕೂ ಕೋಡ್ ಇಟ್ಟಿವೆ. ಜನರಲ್ ಮೋಟಾರ್ಸ್‌ನಲ್ಲಿ 2000 ಎಂದರೆ ಆರ್ಡರ್ ಸ್ವೀಕೃತ, 3000 ಎಂದರೆ ಉತ್ಪಾದನಾ ವಿಭಾಗ ಒಪ್ಪಿಕೊಂಡಿದೆ, 3800 ಎಂದರೆ ಕಾರು ತಯಾರು, 5000 ಎಂದರೆ ಡೀಲರ್ ಬಳಿ ತಲುಪಿದೆ. 2000ದಲ್ಲೇ ವಾರಗಟ್ಟಲೆ ನಿಂತಿದ್ದರೆ ಯಾವುದೋ ಭಾಗದ ಕೊರತೆ ಇರಬಹುದು. ಫೋನ್ ಮಾಡಿ ಕೇಳಬೇಕಾದ ಸಮಯ ಅದೇ. ಬೇರೆ ಕಂಪನಿಯಾದರೆ, ಬದಲಾವಣೆ ಯಾವ ದಿನದವರೆಗೆ ಸಾಧ್ಯ ಎಂದು ಕೇಳಿದರೆ ಸಾಕು. ಉತ್ಪಾದನೆಯ ಸರದಿಗೆ ಸೇರಿದ ಮೇಲೆ ಬಣ್ಣ ಬದಲಿಸುತ್ತೇನೆ ಎಂದರೆ ನಡೆಯದು. ಅನೇಕ ಫ್ಯಾಕ್ಟರಿಗಳಿಗೆ ಸೀಟು ಹೊರಗಿನ ಸರಬರಾಜುದಾರರಿಂದ ಬರುತ್ತದೆ, ಅದೂ ಕಾರುಗಳು ಸಾಲಿನಲ್ಲಿ ಬರುವ ಕ್ರಮದಲ್ಲೇ, ಜೋಡಿಸುವ ಕೆಲವೇ ಗಂಟೆ ಮುಂಚೆ. ಒಂದು ಕಾರು ಹಿಂದೆಮುಂದಾದರೆ ಸೀಟುಗಳ ಸಾಲೂ ತಪ್ಪುತ್ತದೆ.

ತಯಾರಾದ ಮೇಲೂ ನೆಚ್ಚಿಕೊಂಡು ಕೂರುವಂತಿಲ್ಲ. ‘ಫೆಲಿಸಿಟಿ ಏಸ್’ ಎಂಬ ಹಡಗು 2022ರಲ್ಲಿ ವೋಕ್ಸ್‌ವ್ಯಾಗನ್ ಬಳಗದ ಸುಮಾರು 4,000 ಕಾರುಗಳೊಂದಿಗೆ ಬೆಂಕಿ ಹತ್ತಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಅದರಲ್ಲಿದ್ದ ಅವೆಂಟಡೋರ್ ಕಾರುಗಳನ್ನು ಮತ್ತೆ ಮಾಡಿಕೊಡಲು ಲಂಬೋರ್ಗಿನಿ ನಿಲ್ಲಿಸಿದ ಉತ್ಪಾದನೆಯನ್ನು ಪುನಃ ಶುರು ಮಾಡಿತು. ಸಾಧಾರಣ ಕಾರಿನವರಿಗೆ ಮತ್ತೆ ಸರದಿಯೇ ಗತಿ.

ಹಂತ 6: ಹಳೆ ಕಾರು, ಸಾಲ

ಎಕ್ಸ್‌ಚೇಂಜ್ ಬೆಲೆ ಇಂದು ಹೇಳಿದ್ದು ನಾಲ್ಕು ತಿಂಗಳ ಮೇಲೆ ನಿಲ್ಲುವುದಿಲ್ಲ. ಹೊಸ ಕಾರು ಶೋರೂಮಿಗೆ ಬರುವ ವಾರ ಎರಡು ಮೂರು ಕಡೆ ಬೆಲೆ ಕೇಳಿ. ಸಾಲದ ಮಂಜೂರಾತಿಗೂ ಅವಧಿ ಇರುತ್ತದೆ, ಬೇಗ ಮಾಡಿಸಿ ಪ್ರಯೋಜನವಿಲ್ಲ.

ಹಂತ 7: ಸಹಿಗೆ ಮುಂಚೆ ಹಗಲು ಬೆಳಕಿನಲ್ಲಿ ನೋಡಿ

ಆರ್ಡರ್ ಹಾಳೆ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ಟಿಕ್ ಮಾಡುತ್ತ ಹೋಗಿ. ಚಿಪ್ ಕೊರತೆಯ 2021ರಲ್ಲಿ ಬಿಎಂಡಬ್ಲ್ಯು ಕೆಲವು ಕಾರುಗಳನ್ನು ಟಚ್‌ಸ್ಕ್ರೀನ್ ಇಲ್ಲದೆ ಕಳಿಸಿತು. ಜನರಲ್ ಮೋಟಾರ್ಸ್ ಕೆಲವು ಮಾಡೆಲ್‌ಗಳಲ್ಲಿ ಬಿಸಿಯಾಗುವ ಸೀಟುಗಳನ್ನೇ ತೆಗೆಯಿತು. ಕಂಪನಿ ಹೇಳಿ ತೆಗೆದಿದ್ದರೆ ಬೆಲೆ ಇಳಿದಿರಬೇಕು, ಇಲ್ಲವೇ ಆಮೇಲೆ ಹಾಕಿಕೊಡುವ ಪತ್ರ ಸಿಗಬೇಕು.

ಚಾಸಿ ನಂಬರ್ ಬಿಲ್‌ನಲ್ಲಿ, ಕಾರಿನ ಮೇಲೆ, ವಿಮೆಯ ಕಾಗದದಲ್ಲಿ ಒಂದೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ಓದಿ. 17 ಅಕ್ಷರ-ಅಂಕಿಗಳಿರುತ್ತವೆ. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವುದಿಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗದಿರಲಿ ಎಂದು. ಅಮೆರಿಕದ ಕ್ರಮದಲ್ಲಿ ಹತ್ತನೆಯದು ಮಾಡೆಲ್ ವರ್ಷ: 2025ಕ್ಕೆ ಎಸ್, 2026ಕ್ಕೆ ಟಿ. ಟೈರಿನ ಪಕ್ಕದ ನಾಲ್ಕಂಕಿಯನ್ನೂ ನೋಡಿ. 1825 ಎಂದಿದ್ದರೆ ಆ ಟೈರು 2025ರ 18ನೇ ವಾರದ್ದು. ಹೊಸದಾಗಿ ತಯಾರಾದ ಕಾರಿನಲ್ಲಿ ಒಂದೂವರೆ ವರ್ಷ ಹಳೆಯ ಟೈರಿದ್ದರೆ ಯಾಕೆ ಎಂದು ಕೇಳಲೇಬೇಕು. ಸಾಗಣೆಗೆಂದು ಟೈರಿಗೆ ಹೆಚ್ಚು ಗಾಳಿ ತುಂಬಿ ಕಳಿಸುವುದುಂಟು, ಡೀಲರ್ ಅದನ್ನು ಇಳಿಸಿರಬೇಕು. ಮರೆತಿದ್ದರೆ ಪಿಡಿಐ (ಡಿಲಿವರಿಗೆ ಮುಂಚಿನ ತಪಾಸಣೆ) ಹಾಳೆಯಲ್ಲಿನ ಉಳಿದ ಟಿಕ್‌ಗಳ ಮೇಲೂ ಅನುಮಾನ ಪಡಿ.

ಬಾಗಿಲು, ಬಾನೆಟ್, ಬಂಪರ್‌ಗಳ ಬಣ್ಣ ಒಂದೇ ಛಾಯೆಯೇ ಎಂದು ಹೊರಗೆ ಬಿಸಿಲಿನಲ್ಲಿ ಓರೆಯಾಗಿ ನೋಡಿ, ಶೋರೂಮಿನ ದೀಪದಡಿಯಲ್ಲಿ ಎಲ್ಲ ಕಾರೂ ಚೆಂದವೇ. ನೀವು ಆರಿಸಿದ್ದಕ್ಕಿಂತ ಬೇರೆ ಬಂದಿದ್ದರೆ, ಸರಿಪಡಿಸಲಾಗದಂಥ ಹಾನಿ ಕಂಡರೆ ತೆಗೆದುಕೊಳ್ಳಬೇಡಿ. ಡೀಲರ್ ಅದನ್ನು ಅಂಗಳದಲ್ಲಿ ನಿಲ್ಲಿಸಿ ಇನ್ನೊಬ್ಬರಿಗೆ ಮಾರಬಲ್ಲರು. ಆ್ಯಪ್‌ನಲ್ಲಿ ಕೊಂಡವರಿಗೆ ಎದುರು ಕೂತು ಜಗಳವಾಡಲು ಒಬ್ಬ ಮನುಷ್ಯ ಸಿಗುವುದೇ ಕಷ್ಟ, ಹಾಗಾಗಿ ಅವರು ಒಪ್ಪಿಗೆಯ ಬಟನ್ ಒತ್ತುವ ಮೊದಲೇ ಫೋಟೊಗಳನ್ನು ಕಳಿಸಿ ಲಿಖಿತ ಉತ್ತರ ಪಡೆಯಬೇಕು. ಸಣ್ಣಪುಟ್ಟ ಗೀರುಗಳಾದರೆ ಡಿಲಿವರಿ ಹಾಳೆಯಲ್ಲೇ ಬರೆದು, ಸರಿಮಾಡಿಕೊಡುವ ದಿನಾಂಕ ಹಾಕಿಸಿ, ಎರಡೂ ಕಡೆಯವರ ಸಹಿಯಾದ ಮೇಲೆ ಅದರ ಒಂದು ಪ್ರತಿಯನ್ನು ಸರ್ವೀಸ್ ಅಡ್ವೈಸರ್ ಕೈಗೂ ಕೊಟ್ಟು ಬನ್ನಿ.